ಒಂಟಿ ಸೀನು, ಗಟ್ಟಿಮೇಳ ಮತ್ತು ನಮ್ಮ ಗಾಲ್ಫ್ ಬೀಗರು

ನಮ್ಮ ಮನೆಯಲ್ಲಿ ಯಾವ ಕೆಲಸವೂ ನೆಟ್ಟಗೆ ಶುರುವಾಗಿ ನೆಟ್ಟಗೆ ಮುಗಿದದ್ದಿಲ್ಲ. ನಡುವೆ ಎಲ್ಲಾದರೂ ಒಂದು ಕಡೆ ಜನ ಹೊಟ್ಟೆ ಹಿಡಿದುಕೊಂಡು ನಗುವಂಥದ್ದು ಆಗಲೇಬೇಕು, ಅದು ಆಗುವಾಗ ನಾನು ಅಲ್ಲೇ ಪಕ್ಕದಲ್ಲಿ ನಿಂತಿರಲೇಬೇಕು. ಸಿಡ್ನಿಯ ಪ್ಯಾರಮಟ್ಟಾದಲ್ಲಿ ಒಂದು ಔಷಧಿ ಅಂಗಡಿಯ ಫಾರ್ಮಸಿಸ್ಟ್ ಆಗಿ ತಲೆ ನರೆಸಿಕೊಂಡವಳು ನಾನು. ಗಂಡನ ಮಾತ್ರೆಯನ್ನು ತಾನು ನುಂಗಿ "ಇವರಿಗೆ ಪೂರ್ತಿ ವಾಸಿಯಾಯ್ತು" ಅಂತ ಥ್ಯಾಂಕ್ಸ್ ಹೇಳಲು ಬಂದ ಆಂಟಿಯನ್ನೂ ಕಂಡಿದ್ದೇನೆ. ಆದರೆ ಮಗಳ ಮದುವೆ ಗೊತ್ತಾಗಿ, ಮೆಲ್ಬರ್ನಿನ ಗಾಲ್ಫ್ ಆಟಗಾರರೊಬ್ಬರು ನಮಗೆ ಬೀಗರಾದ ಮೇಲೆ ನಡೆದದ್ದರ ಮುಂದೆ ಅದೆಲ್ಲ ಸಪ್ಪೆ.

ಸೋಮವಾರ ಏನು ಮಾಡ್ತಾರೆ?

ಮಗಳು ಮೆಲ್ಬರ್ನಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲಿನ ಆಸ್ಟ್ರೇಲಿಯನ್ ಹುಡುಗನನ್ನೇ ಮೆಚ್ಚಿಕೊಂಡಿದ್ದಾಳೆ ಅಂತ ಗೊತ್ತಾದಾಗ ನನಗೇನೂ ಎದೆ ಒಡೆಯಲಿಲ್ಲ. ಹುಡುಗ ಒಳ್ಳೆಯವನು, ಅನ್ನ ಸಾರು ಕೈಯಲ್ಲಿ ಕಲಸಿ ತಿನ್ನುತ್ತಾನೆ, ನನ್ನ ಮಗಳ ಕೋಪಕ್ಕೆ ಹೆದರುತ್ತಾನೆ. ಅಳಿಯನಿಗೆ ಇನ್ನೇನು ಬೇಕು? ನನಗಿದ್ದ ಚಿಂತೆ ಮೈಸೂರಿನಲ್ಲಿರುವ ಅಕ್ಕನಿಗೆ ಹೇಳುವುದು ಹೇಗೆ ಅಂತ ಮಾತ್ರ. ಕೊನೆಗೆ ಧೈರ್ಯ ಮಾಡಿ ಫೋನ್ ಹಚ್ಚಿದೆ.

ಅಕ್ಕ ಎಲ್ಲ ಕೇಳಿಸಿಕೊಂಡು, "ಹುಡುಗನ ಅಪ್ಪ ಏನು ಮಾಡ್ತಾರೆ?" ಅಂದಳು.

"ಗಾಲ್ಫ್ ಆಡ್ತಾರೆ ಅಕ್ಕಾ."

"ಅದು ಭಾನುವಾರಕ್ಕಾಯ್ತು. ಸೋಮವಾರ ಏನು ಮಾಡ್ತಾರೆ?"

"ಸೋಮವಾರವೂ ಅದೇ. ಅದೇ ಅವರ ಕೆಲಸ ಆಗಿತ್ತು. ಈಗ ರಿಟೈರ್ ಆಗಿದ್ದಾರೆ."

"ರಿಟೈರ್ ಆದ್ಮೇಲೆ ಏನು ಮಾಡ್ತಾರೆ?"

"ಗಾಲ್ಫ್ ಆಡ್ತಾರೆ."

ಅಕ್ಕ, "ಹೋಗ್ಲಿ ಬಿಡು, ಹುಡುಗ ಇಂಜಿನಿಯರ್ ತಾನೆ" ಅಂತ ಸಮಾಧಾನ ಹೇಳಿದಳು.

ಬೀಗರನ್ನು ಮೊದಲು ನೋಡಿದ್ದು ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿ, ಮಗಳ ಮನೆಯಲ್ಲಿ. ನಾನು ಸಿಡ್ನಿಯಲ್ಲಿ ನಮ್ಮವರ ಅಂಗಡಿಗಳಿರುವ ಹ್ಯಾರಿಸ್ ಪಾರ್ಕಿನಿಂದ ಸ್ವೀಟ್ಸ್ ಕಟ್ಟಿಸಿಕೊಂಡು, ಪುಳಿಯೋಗರೆ ಗೊಜ್ಜು ಮಾಡಿಕೊಂಡು ವಿಮಾನ ಹತ್ತಿದ್ದೆ. ಬೀಗರು ಎತ್ತರದ ಆಳು, ಬಿಸಿಲಿಗೆ ಬೆಂದ ಕುತ್ತಿಗೆ, ಹೆಂಡತಿ ತೀರಿಕೊಂಡು ಕೆಲವು ವರ್ಷ ಆಗಿತ್ತು. ಬಾಯಿಬಿಟ್ಟರೆ ಮುತ್ತು ಉದುರೀತು ಅನ್ನುವಷ್ಟು ಮಿತ ಮಾತು. ನಮ್ಮ ಯಜಮಾನರು ಅದಕ್ಕೆ ಪೂರ್ತಿ ತದ್ವಿರುದ್ಧ. ಸಿಡ್ನಿಯ ನೀರಿನ ಪೈಪುಗಳ ಇಂಜಿನಿಯರ್ ಆಗಿದ್ದವರು, ಬಾಯಿಯ ನಲ್ಲಿ ಮಾತ್ರ ಅವರಿಗೆ ನಿಲ್ಲಿಸಲು ಬರುವುದಿಲ್ಲ.

ಊಟದ ಮಧ್ಯೆ ಯಜಮಾನರು, "ದೊಡ್ಡ ಚಾಂಪಿಯನ್‌ಶಿಪ್ ಏನಾದರೂ ಗೆದ್ದಿದ್ದೀರಾ ಸರ್?" ಅಂತ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟರು. ಮಗಳ ಮುಖ ಬಿಳುಚಿಕೊಂಡಿತು. ಬೀಗರು ಪುಳಿಯೋಗರೆಯ ಕಡಲೆಬೀಜವನ್ನು ತಟ್ಟೆಯ ಅಂಚಿಗೆ ಸರಿಸಿ, "ಒಂದು ಮೇಜರ್‌ನಲ್ಲಿ ತುಂಬ ಹತ್ತಿರ ಬಂದಿದ್ದೆ. ಎರಡನೆಯವನಾದೆ" ಅಂದರು. ಗಾಲ್ಫ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಪಂದ್ಯಗಳಿಗೆ ಮೇಜರ್ ಅನ್ನುತ್ತಾರೆ ಅಂತ ಅಳಿಯ ಮೆಲ್ಲಗೆ ಬಿಡಿಸಿ ಹೇಳಿದ.

ಯಜಮಾನರು ಅವರ ಬೆನ್ನು ತಟ್ಟಿ, "ಸೆಕೆಂಡ್ ರ‍್ಯಾಂಕಾ? ಅಯ್ಯೋ, ಬೇಜಾರು ಯಾಕೆ? ನಮ್ಮ ಕಡೆ ಸೆಕೆಂಡ್ ರ‍್ಯಾಂಕಿಗೆ ಮೆಡಿಕಲ್ ಸೀಟು ಆರಾಮಾಗಿ ಸಿಗುತ್ತೆ" ಅಂದರು.

ಯಜಮಾನರು ಉಸಿರು ಹಿಡಿದದ್ದು

ಆ ಮಾತಿಗೆ ಬೀಗರು ನಕ್ಕರು ಅನ್ನುವುದೇ ನಮ್ಮ ಪುಣ್ಯ. ನಕ್ಕದ್ದೇ ಅಲ್ಲ, ಮಾರನೇ ದಿನ ಯಜಮಾನರನ್ನು ತಮ್ಮ ಕ್ಲಬ್ಬಿಗೆ ಆಡಲು ಕರೆದರು. ಯಜಮಾನರಿಗೆ ಗಾಲ್ಫ್ ಅಂದರೆ ದೊಡ್ಡ ಹುಲ್ಲುಗಾವಲಿನಲ್ಲಿ ಚಿಕ್ಕ ಚೆಂಡು ಹುಡುಕುವುದು ಅನ್ನುವಷ್ಟು ಗೊತ್ತಿತ್ತು. ಆದರೂ ಬೀಗರ ಜೊತೆ ಮಾತಾಡಲು ಒಂದು ವಿಷಯ ಬೇಕಲ್ಲ ಅಂತ, ಟೋಪಿ ಹಾಕಿಕೊಂಡು ಹೊರಟರು.

ಅಲ್ಲಿ ಹೋದಮೇಲೆ ಇವರಿಗೆ ಗೊತ್ತಾಯಿತಂತೆ, ಈ ಆಟದಲ್ಲಿ ಮಾತೇ ಆಡಬಾರದು. ಒಬ್ಬ ಹೊಡೆಯಲು ನಿಂತನೆಂದರೆ ಉಳಿದವರು ಕಲ್ಲಾಗಿಬಿಡಬೇಕು. ಬೀಗರು ಕೋಲು ಮೇಲೆತ್ತಿದರು. ಯಜಮಾನರು, "ಗಾಳಿ ಎಡಗಡೆಯಿಂದ ಬೀಸ್ತಾ ಇದೆ, ನೋಡ್ಕೊಳ್ಳಿ" ಅಂದರು. ಬೀಗರು ಕೋಲು ಇಳಿಸಿದರು. ಮತ್ತೆ ಎತ್ತಿದರು. "ಹ್ಞಾಂ, ಈಗ ಹೊಡೀರಿ" ಅಂದರು ಇವರು. ಕ್ರಿಕೆಟ್ಟಿನಲ್ಲಿ ಹುರಿದುಂಬಿಸಿ ಅಭ್ಯಾಸ, ಪಾಪ. ಬೀಗರು ಬೈಯಲಿಲ್ಲ. ಹತ್ತಿರ ಬಂದು, ಹೊಡೆಯುವಾಗ ಸ್ವಲ್ಪ ಸದ್ದಾದರೂ ನನಗೆ ಕೈ ನಡುಗುತ್ತದೆ, ಕ್ಷಮಿಸಿ ಅಂತ ತಾವೇ ಕ್ಷಮೆ ಕೇಳಿದರು.

ಯಜಮಾನರಿಗೆ ನಾಚಿಕೆಯಾಯಿತು. ಬಾಯಿ ಮುಚ್ಚಿದರೆ ಮೂಗಿನಿಂದಾದರೂ ಏನಾದರೂ ಹೊರಡುತ್ತೆ ಅಂತ ಅವರಿಗೇ ಅವರ ಮೇಲೆ ಅನುಮಾನ. ಹಾಗಾಗಿ ಉಸಿರನ್ನೇ ಹಿಡಿದುಬಿಟ್ಟರು. ಆದರೆ ಗುಳಿಯ ಹತ್ತಿರ ಚೆಂಡು ಬಂದಾಗ ಆಟಗಾರರು ಎಷ್ಟು ಹೊತ್ತು ಯೋಚನೆ ಮಾಡುತ್ತಾರೆ ಅಂತ ಇವರಿಗೇನು ಗೊತ್ತು? ಬೀಗರು ಈ ಕಡೆಯಿಂದ ಕೂತು ನೋಡಿದರು, ಆ ಕಡೆಯಿಂದ ಬಗ್ಗಿ ನೋಡಿದರು, ಒಣ ಎಲೆಯೊಂದನ್ನು ಎತ್ತಿ ಬಿಸಾಡಿದರು. ಅಷ್ಟರಲ್ಲಿ ಇವರ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಬೀಗರು ಅಕಸ್ಮಾತ್ ತಲೆಯೆತ್ತಿ ನೋಡಿ, ಹಾರ್ಟ್ ಅಟ್ಯಾಕೇ ಅಂದುಕೊಂಡು ಕೋಲು ಎಸೆದು ಓಡಿಬಂದು, ಇವರನ್ನು ಹುಲ್ಲಿನ ಮೇಲೆ ಮಲಗಿಸಿ ಕಾಲರ್ ಸಡಿಲ ಮಾಡಿದರು. ಹಿಂದಿನ ಗುಂಪಿನಲ್ಲಿ ಆಡುತ್ತಿದ್ದ ನರ್ಸ್ ಒಬ್ಬರು ಬಂದು ನಾಡಿ ಹಿಡಿದರು. ಇವರು ಉಸಿರು ಬಿಟ್ಟು ಆಡಿದ ಮೊದಲ ಮಾತು, "ಚೆಂಡು ಎಡಕ್ಕೆ ತಿರುಗುತ್ತೆ ಅಂತ ಆಗಿಂದ ಹೇಳ್ಬೇಕು ಅಂತಿದ್ದೆ."

ಸಂಜೆ ಮನೆಗೆ ಬಂದು, ಸೋಫಾದ ಮೇಲೆ ಬಿದ್ದುಕೊಂಡು, "ಅದಾದ್ಮೇಲೆ ಮಧ್ಯಾಹ್ನ ಪೂರ್ತಿ ನಾನು ಒಂದು ಮಾತೂ ಆಡಿಲ್ಲ ಕಣೇ. ಒಂದು ಮಾತೂ!" ಅಂತ ಕಣ್ಣಲ್ಲಿ ನೀರು ತಂದುಕೊಂಡರು.

ನಾನು ಅಳಿಯನ ಕಡೆ ತಿರುಗಿ, "ಸಿಡ್ನಿಯಲ್ಲಿ ನಮ್ಮನೆ ಹತ್ತಿರ ಇದಕ್ಕೆ ಮೆಂಬರ್‌ಶಿಪ್ ಎಲ್ಲಿ ಕೊಡ್ತಾರೆ?" ಅಂತ ಕೇಳಿದೆ.

ಮುಗಿದ ಮ್ಯಾಚಿಗೆ ನನ್ನ ಪ್ರಾರ್ಥನೆ

ಸ್ವಲ್ಪ ಸದ್ದಾದರೂ ಕೈ ನಡುಗುತ್ತದೆ ಅಂದರಲ್ಲ ಬೀಗರು, ಅದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಮುಂದಿನ ಸಲ ಮೆಲ್ಬರ್ನಿಗೆ ಹೋದಾಗ ಅವರ ಮನೆಯಲ್ಲೇ ಊಟಕ್ಕೆ ಕರೆದಿದ್ದರು. ಊಟ ಮುಗಿದ ಮೇಲೆ ನೇರವಾಗಿ, "ನೀವು ಎರಡನೆಯವರಾದ ಆ ಮ್ಯಾಚು ನೋಡಬಹುದಾ?" ಅಂದೆ. ಮಗಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು. "ಅಮ್ಮಾ, ಪ್ಲೀಸ್, ವಿ ಡೋಂಟ್ ಟಾಕ್ ಅಬೌಟ್ ದಟ್" ಅಂತ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು. ಬೀಗರು ಮಾತ್ರ ಎದ್ದು ಹೋಗಿ ಟಿವಿ ಹಾಕಿದರು.

ಹಳೇ ರೆಕಾರ್ಡಿಂಗು, ಬಣ್ಣ ಮಾಸಿತ್ತು. ಪರದೆಯ ಮೇಲೆ ಕಪ್ಪು ಕೂದಲಿನ, ತೆಳ್ಳಗಿನ ಹುಡುಗ. ಬೇರೆ ದೇಶದಲ್ಲಿ ನಡೆದ ಪಂದ್ಯ. ನಾಲ್ಕು ದಿನ ಆಡಿ, ಕೊನೇ ದಿನದ ಕೊನೇ ಗುಳಿಯವರೆಗೂ ಈ ಹುಡುಗ ಮತ್ತು ಒಬ್ಬ ಹೆಸರುವಾಸಿ ಆಟಗಾರ ಸಮ ಸಮ. ಆಗ ಇನ್ನೊಂದು ಗುಳಿ ಆಡಿಸುತ್ತಾರೆ, ಅದರಲ್ಲಿ ಯಾರು ಕಡಿಮೆ ಹೊಡೆತಕ್ಕೆ ಮುಗಿಸುತ್ತಾರೋ ಅವರೇ ಚಾಂಪಿಯನ್.

ನನಗೆ ಗಾಲ್ಫ್ ಗೊತ್ತಿಲ್ಲ, ಆದರೆ ಮ್ಯಾಚು ನೋಡುವುದು ಹೇಗೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಜಮಾನರು ನೀರಿಗೆಂದು ಅರ್ಧ ಎದ್ದರು. ಅಷ್ಟರಲ್ಲಿ ಹುಡುಗನ ಒಂದು ಕಷ್ಟದ ಹೊಡೆತ ಗುಳಿಯ ಹತ್ತಿರಕ್ಕೇ ಬಂದು ನಿಂತಿತು.

"ಹಾಗೇ ಇರಿ!" ಅಂತ ಕೂಗಿದೆ. "ಕೂತ್ಕೊಳ್ಳಬೇಡಿ, ಪೂರ್ತಿ ಏಳಲೂಬೇಡಿ. ನೀವು ಹಾಗಿದ್ದಾಗಲೇ ಚೆನ್ನಾಗಿ ಬಿದ್ದದ್ದು."

"ಲೇ, ಇದು ಯಾವ ಕಾಲದಲ್ಲೋ ಮುಗಿದ ಮ್ಯಾಚು ಕಣೇ."

"ಮುಗಿದ್ರೇನು? ಹಾಗೇ ಇರಿ ಅಂದ್ರೆ ಇರಿ."

ಪಾಪ, ಅವರು ಕುರ್ಚಿಯ ಕೈ ಹಿಡಿದು ನಡು ಬಗ್ಗಿಸಿಕೊಂಡೇ ನಿಂತರು. ಎದುರಾಳಿಯ ಚೆಂಡು ಮರಳಿನಲ್ಲಿ ಸಿಕ್ಕಿಕೊಂಡು ಒಂದು ಹೊಡೆತ ಹೆಚ್ಚಾಯಿತು. ಈಗ ನಮ್ಮ ಹುಡುಗನಿಗೆ ಉಳಿದದ್ದು ಒಂದು ಡೈನಿಂಗ್ ಟೇಬಲ್ಲಿನಷ್ಟು ದೂರ. ತಳ್ಳಿದರೆ ಮುಗಿಯಿತು, ಮೇಜರ್ ಅವನದು. ಸುತ್ತ ಸಾವಿರಾರು ಜನ, ಒಂದು ಪಿಸುಮಾತಿಲ್ಲ. "ಹೋಗಪ್ಪಾ, ಒಳಗೆ ಹೋಗು" ಅಂತ ನಾನು ಸೆರಗು ಹಿಡಿದು ಬೇಡಿಕೊಳ್ಳುತ್ತಿದ್ದೆ. ಅವನು ಕೋಲು ಹಿಂದಕ್ಕೆಳೆದ. ಜನರ ಮಧ್ಯದಿಂದ ಯಾರೋ ಗಟ್ಟಿಯಾಗಿ ಸೀನಿದರು.

"ಅಯ್ಯೋ ಸೀನಿದ್ರು! ನಿಲ್ಸಿ, ಹೊಡೀಬೇಡಿ! ಕೂತ್ಕೊಂಡು ನೀರು ಕುಡೀರಿ ಮೊದ್ಲು!" ಅಂತ ನಾನು ಟಿವಿಗೆ ಕೂಗಿದೆ. ಟಿವಿ ನನ್ನ ಮಾತು ಕೇಳಲಿಲ್ಲ. ಚೆಂಡು ಗುಳಿಯ ಬಾಯಿಗೆ ಹೋಗಿ, ಅಂಚಿನಲ್ಲಿ ಒಂದು ಸುತ್ತು ಹಾಕಿ, ಹೊರಗೆ ಬಂತು. ಮತ್ತೆ ಸಮ ಸಮ. ಮುಂದಿನ ಗುಳಿಯಲ್ಲಿ ಆ ಹೆಸರುವಾಸಿ ಆಟಗಾರ ಗೆದ್ದ. ನನ್ನ ಕಣ್ಣಲ್ಲಿ ನೀರೇ ಬಂತು.

ಬೀಗರು ಟಿವಿ ನಿಲ್ಲಿಸಿ ನನ್ನ ಕಡೆ ತಿರುಗಿದರು. "ನಿಮಗೆ ಆ ಸೀನು ಕೇಳಿಸಿತಾ?"

"ಕೇಳಿಸದೆ ಏನು? ಅಷ್ಟು ಸ್ಪಷ್ಟವಾದ ಒಂಟಿ ಸೀನು!"

ಆವತ್ತು ಅವರು ಮಾತಾಡಿದಷ್ಟು ಹಿಂದೆ ಎಂದೂ ಮಾತಾಡಿದ್ದಿಲ್ಲ ಅಂತ ಅಳಿಯ ಆಮೇಲೆ ಹೇಳಿದ. ಕೋಚು ಮಣಿಕಟ್ಟಿನ ತಪ್ಪು ಅಂದನಂತೆ. ಪತ್ರಿಕೆಯವರು ಹೆದರಿಕೆ ಅಂದರಂತೆ. ಮನಸ್ಸಿನ ಡಾಕ್ಟರು ಸೀನು ಬರೀ ನಿಮ್ಮ ನೆಪ ಅಂದರಂತೆ. ಆಮೇಲೆ ಯಾವ ಮೇಜರ್‌ನಲ್ಲೂ ಅವರು ಅಷ್ಟು ಹತ್ತಿರ ಬರಲೇ ಇಲ್ಲ. "ಇಷ್ಟು ವರ್ಷದಲ್ಲಿ ಸೀನಿನದೇ ತಪ್ಪು ಅಂದವರು ನೀವೊಬ್ಬರೇ" ಅಂದರು.

ನಾನು ಅವರಿಗೆ ನಮ್ಮ ಶಾಸ್ತ್ರ ವಿವರಿಸಿದೆ. ಸೀನು ಯಾಕೆ ಬರುತ್ತೆ ಅಂತ ಅಂಗಡಿಯಲ್ಲಿ ಕೇಳಿದರೆ ಹಿಸ್ಟಮೀನ್ ಅಂತ ಹೇಳುವವಳೂ ನಾನೇ, ಮನೆಯಿಂದ ಹೊರಡುವಾಗ ಯಾರಾದರೂ ಒಂಟಿ ಸೀನು ಸೀನಿದರೆ ಒಳಗೆ ಬಂದು ಕೂತು ನೀರು ಕುಡಿದು ಹೋಗುವವಳೂ ನಾನೇ. ಎರಡರಲ್ಲೂ ನನಗೆ ಪೂರ್ತಿ ನಂಬಿಕೆ. "ಒಂದು ಸೀನಾದರೆ ಕೆಲಸ ಕೆಡುತ್ತೆ. ಬೆನ್ನಿಗೇ ಇನ್ನೊಂದು ಬಂದರೆ ದೋಷವಿಲ್ಲ" ಅಂದೆ.

ಬೀಗರು ತಕ್ಷಣ ರೆಕಾರ್ಡಿಂಗನ್ನು ಹಿಂದಕ್ಕೆ ಓಡಿಸಿದರು. ಟಿವಿಗೆ ಕಿವಿಯಿಟ್ಟು ಕೇಳಿದರು, ಮತ್ತೆ ಓಡಿಸಿದರು. ಕೊನೆಗೆ "ಇಲ್ಲ, ಒಂದೇ" ಅಂತ ನಿಟ್ಟುಸಿರು ಬಿಟ್ಟು, ಆಟದ ಮಧ್ಯೆ ಕೂತು ನೀರು ಕುಡಿಯಲು ಎಷ್ಟು ಹೊತ್ತು ಕೊಡುತ್ತಾರೆ ಅಂತ ನೋಡಲು ನಿಯಮಗಳ ಪುಸ್ತಕ ಹುಡುಕಿಕೊಂಡು ಹೋದರು.

ಆಗ ಯಜಮಾನರು, "ಇನ್ನು ನಾನು ಕೂತ್ಕೋಬಹುದಾ?" ಅಂದರು.

ಪುರೋಹಿತರ ಎರಡು ತೆಂಗಿನಕಾಯಿ

ಮದುವೆ ಕ್ರೇಗಿಬರ್ನ್‌ನ ಒಂದು ಹಾಲ್‌ನಲ್ಲಿ, ವಸಂತಕಾಲದಲ್ಲಿ ಅಂತ ನಿಶ್ಚಯವಾಯಿತು. ಬುಕ್ ಮಾಡಿದ್ದೂ ಆಯಿತು. ಆಗ ಮಗಳು ಫೋನ್ ಮಾಡಿ, "ಅಮ್ಮಾ, ಗಟ್ಟಿಮೇಳ ಬೇಡ" ಅಂದಳು.

ನನಗೆ ತಲೆ ತಿರುಗಿತು. ತಾಳಿ ಕಟ್ಟುವ ಗಳಿಗೆಯಲ್ಲಿ ಪುರೋಹಿತರು ಕೈಯೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅನ್ನುವುದು, ಡೋಲು ನಾಗಸ್ವರದವರು ಮಂಟಪವೇ ಅದುರುವಂತೆ ಬಾರಿಸುವುದು ಸುಮ್ಮನೆ ಸಡಗರಕ್ಕಲ್ಲ. ಆ ಒಂದು ನಿಮಿಷದಲ್ಲಿ ಒಂದು ಕೆಟ್ಟ ಮಾತಾಗಲಿ, ಅಳುವಾಗಲಿ, ಸೀನಾಗಲಿ ಗಂಡುಹೆಣ್ಣಿನ ಕಿವಿಗೆ ಬೀಳಬಾರದು ಅಂತಲೇ ಆ ಏರ್ಪಾಡು. ಅದನ್ನೇ ಬೇಡ ಅಂದರೆ?

"ಮಾವನಿಗೆ ಸಡನ್ ನಾಯ್ಸ್ ಆಗಲ್ಲ ಅಮ್ಮಾ. ಟೋಸ್ಟರ್ ಟಪ್ ಅಂದ್ರೂ ಬೆಚ್ಚಿಬೀಳ್ತಾರೆ. ಹಿ ಓಂಟ್ ಸೇ ಎನಿಥಿಂಗ್. ನಾನೇ ಕೇಳ್ತಾ ಇದೀನಿ."

ಅಕ್ಕ ಮೈಸೂರಿನಿಂದ, "ಗಟ್ಟಿಮೇಳ ಇಲ್ಲದಿದ್ರೆ ಅದು ಮದುವೆನಾ, ರಿಜಿಸ್ಟ್ರಾರ್ ಆಫೀಸಾ?" ಅಂತ ಉರಿಗೆ ತುಪ್ಪ ಸುರಿದಳು. ನಾನೂ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ನಿಂತೆ. ಮಗಳು ಅತ್ತಳು. ಅಳಿಯ ಫೋನ್ ಎತ್ತುವುದನ್ನೇ ಬಿಟ್ಟ. ಈ ವಿಷಯ ಹೇಗೋ ಬೀಗರಿಗೆ ಗೊತ್ತಾಗಿ, ಅವರೇ ನನಗೆ ಫೋನ್ ಮಾಡಿದರು.

"ನನಗಾಗಿ ನೀವು ಏನೂ ಬದಲಾಯಿಸಬೇಡಿ. ಆ ಒಂದು ನಿಮಿಷ ನಾನು ಹೊರಗೆ ಕಾರ್ ಪಾರ್ಕಿಂಗ್‌ನಲ್ಲಿ ನಿಂತಿರ್ತೀನಿ. ಆಮೇಲೆ ಒಳಗೆ ಬರ್ತೀನಿ" ಅಂದರು.

ಇರುವ ಒಬ್ಬ ಮಗ ತಾಳಿ ಕಟ್ಟುವಾಗ ಹೆತ್ತ ತಂದೆ ಕಾರುಗಳ ಮಧ್ಯೆ ನಿಂತಿರುವುದೇ? "ನೀವು ಎಲ್ಲೂ ಹೋಗಕೂಡದು. ಮಂಟಪದಲ್ಲಿ, ನನ್ನ ಪಕ್ಕದಲ್ಲೇ ನಿಂತಿರಬೇಕು. ಗಟ್ಟಿಮೇಳ ಇರಲ್ಲ" ಅಂದುಬಿಟ್ಟೆ. ಅಂದಮೇಲೆ ಭಯ ಹತ್ತಿಕೊಂಡಿತು. ಮೆಲ್ಬರ್ನಿನ ವಸಂತ ಅಂದರೆ ಹುಲ್ಲಿನ ಪರಾಗ ಗಾಳಿಯಲ್ಲಿ ತೇಲುವ ಕಾಲ. ಊರಿಗೆ ಊರೇ ಸೀನುತ್ತಿರುತ್ತದೆ.

ಮೇಳದವರು ಶ್ರೀಲಂಕಾದಿಂದ ಬಂದು ಮೆಲ್ಬರ್ನಿನಲ್ಲಿ ನೆಲೆಸಿದ ತಮಿಳರು. ಅವರ ಹಿರಿಯರಾದ ಡೋಲಿನವರಿಗೆ ವಿಷಯ ಹೇಳಿದಾಗ ಅವರ ಮುಖ ಬಾಡಿಹೋಯಿತು. "ಅದನ್ನೇ ಬಾರಿಸಬೇಡಿ ಅಂದರೆ ನಮ್ಮನ್ನು ಕರೆದದ್ದು ಯಾಕಮ್ಮಾ?" ಅಂತ ಇಂಗ್ಲಿಷಿನಲ್ಲಿ ಕೇಳಿದರು. ಕೊನೆಗೆ ಒಪ್ಪಿಕೊಂಡರು. "ಆದರೆ ಒಂದು ಮಾತು. ಮಂಟಪದಲ್ಲಿ ಯಾರದಾದರೂ ಕೈ ಮೇಲೆ ಹೋದರೆ ನಮ್ಮ ಕೈ ತಾನಾಗೇ ಬಾರಿಸಿಬಿಡುತ್ತದೆ. ಜವಾಬ್ದಾರಿ ನಮ್ಮದಲ್ಲ."

ಪುರೋಹಿತರ ಕಥೆಯೂ ಅಷ್ಟೇ. ವಾರದ ದಿನ ಸಾಫ್ಟ್‌ವೇರ್ ಟೆಸ್ಟಿಂಗು, ಶನಿವಾರ ಭಾನುವಾರ ಪೌರೋಹಿತ್ಯ. ತಲೆ ಕೆರೆದುಕೊಂಡು, "ಎಷ್ಟು ಮದುವೆ ಮಾಡಿಸಿದೀನಿ ಮೇಡಂ, ಆ ಮಂತ್ರ ಬಂದ ತಕ್ಷಣ ನನ್ನ ಕೈ ಆಟೋಮ್ಯಾಟಿಕ್ ಆಗಿ ಮೇಲೆ ಹೋಗುತ್ತೆ. ಕಂಟ್ರೋಲ್ ಇಲ್ಲ" ಅಂದರು.

"ಹಾಗಾದ್ರೆ ಏನು ಮಾಡೋಣ?"

ಅವರು ಟೆಸ್ಟಿಂಗ್‌ನವರಲ್ಲವೇ, ಕೂಡಲೇ ಪರಿಹಾರ ಹುಡುಕಿದರು. "ಆ ಟೈಮಿಗೆ ನನ್ನ ಎರಡೂ ಕೈಗೂ ಒಂದೊಂದು ತೆಂಗಿನಕಾಯಿ ಕೊಟ್ಟುಬಿಡಿ. ಸ್ವಲ್ಪ ದೊಡ್ಡದೇ ನೋಡಿ ತನ್ನಿ."

ಮುಹೂರ್ತ

ಮದುವೆಯ ದಿನ ಬೆಳಿಗ್ಗೆ ಹಾಲ್‌ನ ಬಾಗಿಲಲ್ಲಿ ಪನ್ನೀರು, ಕುಂಕುಮ, ಕಲ್ಲುಸಕ್ಕರೆಯ ಜೊತೆ ನಾನು ಇನ್ನೊಂದು ತಟ್ಟೆ ಹಿಡಿದು ನಿಂತಿದ್ದೆ. ಅದರಲ್ಲಿ ಸೀನು ತಡೆಯುವ ಮಾತ್ರೆ, ನಿದ್ದೆ ಬರಿಸದಂಥದ್ದು. ಸುಮ್ಮನೆ ಹಂಚಲು ನಾನೇನು ತಿಳಿಯದವಳಲ್ಲ. ಸೀನು ಬರುತ್ತಾ, ಬಿಪಿ ಇದೆಯಾ, ಬೇರೆ ಯಾವ ಮಾತ್ರೆ ತಗೋತೀರಾ ಅಂತ ಒಬ್ಬೊಬ್ಬರನ್ನೂ ಕೇಳಿಯೇ ಕೊಟ್ಟೆ. ಬಾಗಿಲಲ್ಲಿ ದೊಡ್ಡ ಕ್ಯೂ ಆಯಿತು. ಒಬ್ಬ ಆಂಟಿ, "ಇದು ಯಾವ ಕಡೆ ಶಾಸ್ತ್ರ ರೀ? ಮೈಸೂರು ಕಡೇದಾ?" ಅಂತ ಕೇಳಿ, ಮಾತ್ರೆಯನ್ನು ಕಣ್ಣಿಗೊತ್ತಿಕೊಂಡು ನುಂಗಿದರು.

ಯಜಮಾನರು ಮಾತ್ರ ಗಡಿಬಿಡಿಯಲ್ಲಿ ನನ್ನ ತಟ್ಟೆಯದ್ದು ಬಿಟ್ಟು ತಮ್ಮ ಬ್ಯಾಗಿನಲ್ಲಿದ್ದ ಹಳೇ ಥರದ ಮಾತ್ರೆ ನುಂಗಿದ್ದರು. ಅದು ಚೆನ್ನಾಗಿ ನಿದ್ದೆ ಬರಿಸುವಂಥದ್ದು. ಧಾರೆ ಎರೆಯುವವರೆಗೆ ಹೇಗೋ ಕಣ್ಣು ತೆರೆದಿದ್ದು, ಧಾರೆ ಮುಗಿದದ್ದೇ ಕಂಬಕ್ಕೆ ಒರಗಿಬಿಟ್ಟರು. ನೋಡಿದವರು ಮಗಳನ್ನು ಕೊಟ್ಟ ದುಃಖ ಅಂದುಕೊಂಡರು.

ಬೀಗರಿಗೆ ಪಂಚೆ ಉಡಿಸಿ, ತಲೆಗೆ ಮೈಸೂರು ಪೇಟ ಇಟ್ಟಿದ್ದೆವು. ಅವರಿಗೂ ಮಾತ್ರೆಯ ತಟ್ಟೆ ಹಿಡಿದೆ. "ಜೀವಮಾನವೆಲ್ಲ ಹುಲ್ಲಿನ ಮೇಲೇ ಕಳೆದವನು ನಾನು. ನನಗೆ ಸೀನು ಬರಲ್ಲ" ಅಂತ ನಕ್ಕು ಮುಂದೆ ಹೋದರು.

ಅಂತರಪಟ ಸರಿಯಿತು, ಜೀರಿಗೆ ಬೆಲ್ಲ ಆಯಿತು, ಧಾರೆಯೂ ಆಯಿತು. ಹೋಮದ ಹೊಗೆಗೆ ಅಲಾರಾಂ ಹೊಡೆದುಕೊಂಡರೆ ಬೀಗರ ಗತಿಯೇನು ಅಂತ ಅಳಿಯನ ಸ್ನೇಹಿತರು ಬಾಗಿಲುಗಳನ್ನೆಲ್ಲ ತೆರೆದಿಟ್ಟಿದ್ದರು. ಹೊರಗಿನ ಬಯಲಿನ ಗಾಳಿ ಸುಯ್ ಅಂತ ಒಳಗೆ ಬರುತ್ತಿತ್ತು. ಪುರೋಹಿತರು ಎರಡು ಕೈಯಲ್ಲೂ ತೆಂಗಿನಕಾಯಿ ಹಿಡಿದು ಮಂತ್ರ ಶುರುಮಾಡಿದರು. ಮೇಳ ನಿಂತಿತು.

ಮೇಳ ನಿಂತಾಗಲೇ ಗೊತ್ತಾದದ್ದು, ನಮ್ಮ ಜನ ಮದುವೆಯಲ್ಲಿ ಎಷ್ಟು ಮಾತಾಡುತ್ತಾರೆ ಅಂತ. ಗಟ್ಟಿಮೇಳ ಇಷ್ಟು ದಿನ ಅದನ್ನು ಮುಚ್ಚಿಟ್ಟಿತ್ತು. "ಮಾರ್ಟ್‌ಗೇಜ್ ರೀಫೈನಾನ್ಸ್ ಮಾಡಿದ್ರಾ?" ಅಂತ ಒಂದು ಕಡೆ. "ಅವರ ಮಗಂದು ಡೈವೋರ್ಸ್ ಆಯ್ತಂತೆ!" ಅಂತ ಇನ್ನೊಂದು ಕಡೆ. ಮಗಳ ಕೊರಳ ಹಿಂದೆ ತಾಳಿಯ ದಾರ ಹಿಡಿದು ನಿಂತಿದ್ದ ಅಳಿಯ ಡೈವೋರ್ಸ್ ಅನ್ನುವ ಮಾತು ಕೇಳಿ ತಲೆಯೆತ್ತಿದ. ಅವನ ಕೈ ನಡುಗತೊಡಗಿತು. ದಾರ ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು.

ನನ್ನ ಪಕ್ಕದಲ್ಲಿದ್ದ ಬೀಗರು ಆ ಕೈಗಳನ್ನೇ ನೋಡುತ್ತಿದ್ದರು. ಮುಖ ಕಪ್ಪಿಟ್ಟಿತು. ಡೈನಿಂಗ್ ಟೇಬಲ್ಲಿನಷ್ಟು ದೂರದ ಆ ಹೊಡೆತಕ್ಕೆ ನಿಂತ ಹುಡುಗನ ಕೈಯೂ ಹೀಗೇ ನಡುಗಿರಬೇಕು. ಯಾರಿಗೂ ಹೇಳದೆ ಕೇಳದೆ ಅವರು ಒಂದು ಹೆಜ್ಜೆ ಮುಂದೆ ಬಂದು, ಜನರ ಕಡೆ ತಿರುಗಿ, ಎರಡೂ ಕೈಗಳನ್ನು ತಲೆಯ ಮೇಲೆ ನೆಟ್ಟಗೆ ಎತ್ತಿದರು. ಗ್ರೌಂಡಿನಲ್ಲಿ ಆಟಗಾರ ಹೊಡೆಯಲು ನಿಂತಾಗ ಪ್ರೇಕ್ಷಕರನ್ನು ಸುಮ್ಮನಿರಿಸುವ ರೀತಿಯಂತೆ ಅದು. ಗಾಲ್ಫ್ ಗೊತ್ತಿದ್ದವರಿಗೆ ಅದರ ಅರ್ಥ, ಎಲ್ಲರೂ ಬಾಯಿ ಮುಚ್ಚಿ.

ಡೋಲಿನವರಿಗೆ ಗಾಲ್ಫ್ ಗೊತ್ತಿರಲಿಲ್ಲ. ಅವರು ಕಂಡದ್ದು ಮಂಟಪದಲ್ಲಿ ಮೇಲೆದ್ದ ಕೈ. ಅದೂ ಒಂದಲ್ಲ, ಎರಡು, ಅದೂ ಗಂಡಿನ ತಂದೆಯದು.

ಬೆಳಗಿನಿಂದ ತಡೆದಿಟ್ಟುಕೊಂಡದ್ದನ್ನೆಲ್ಲ ಸೇರಿಸಿ ಬಾರಿಸಿದರು ನೋಡಿ! ಡೋಲು, ನಾಗಸ್ವರ, ತಾಳ, ಎಲ್ಲ ಒಟ್ಟಿಗೆ. ಹಾಲ್‌ನ ಗಾಜು ಅದುರಿತು. ಪುರೋಹಿತರ ಒಂದು ತೆಂಗಿನಕಾಯಿ ಕೈಜಾರಿ ಉರುಳಿತು. ಯಜಮಾನರು ದಡಕ್ಕನೆ ಎದ್ದು ಯಾರ ಮೇಲೆ ಅಂತ ನೋಡದೆ ಅಕ್ಷತೆ ಎರಚಿದರು. ಅದನ್ನು ನೋಡಿ ಇಡೀ ಹಾಲ್ ಎರಚಿತು. ಅಳಿಯನಿಗೆ ಈಗ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಕೈ ನಿಂತಿತು. ತಲೆ ತಗ್ಗಿಸಿ ಮೂರು ಗಂಟನ್ನೂ ಹಾಕಿದ.

ನಾನು ಎದೆ ಹಿಡಿದುಕೊಂಡು ಬೀಗರ ಕಡೆ ನೋಡಿದೆ. ಟೋಸ್ಟರಿಗೆ ಬೆಚ್ಚುವ ಮನುಷ್ಯ, ಈಗ ಬಿದ್ದರು, ಈಗ ಬಿದ್ದರು ಅಂದುಕೊಂಡೆ. ಅವರು ಕೈ ಎತ್ತಿಕೊಂಡೇ ನಿಂತಿದ್ದರು. ಕಣ್ಣು ಮುಚ್ಚಿದ್ದರು, ಬಾಯಿ ತೆರೆದಿದ್ದರು. ಮೈಯೆಲ್ಲ ಒಂದು ಸಲ ಹಿಂದಕ್ಕೆ ಬಾಗಿ ಮುಂದಕ್ಕೆ ಬಂತು, ತಲೆಯ ಮೇಲಿನ ಪೇಟ ಹಾರಿ ಕೆಳಗೆ ಬಿತ್ತು. ಸೀನಿದ್ದರು. ಒಂದೇ ಒಂದು ಸೀನು, ಸರಿಯಾಗಿ ತಾಳಿಯ ಗಳಿಗೆಗೆ.

ಮೇಳ ತಗ್ಗಿದಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಕಿವಿಯ ಹತ್ತಿರ ಬಗ್ಗಿ, "ಸೀನಿಬಿಟ್ಟೆ. ಒಂದೇ ಬಂತು, ಎರಡನೆಯದು ಬರಲಿಲ್ಲ. ಮಕ್ಕಳಿಗೆ ಕೇಳಿಸಿತಾ?" ಅಂದರು.

"ಯಾರಿಗೂ ಕೇಳಿಸಿಲ್ಲ. ಪಕ್ಕದಲ್ಲಿದ್ದ ನನಗೇ ಕೇಳಿಸಿಲ್ಲ. ಕೇಳಿಸದ ಸೀನು ಲೆಕ್ಕಕ್ಕಿಲ್ಲ" ಅಂದೆ.

ಅವರು ಮಗನನ್ನು ನೋಡಿದರು. ಮಗ ನಗುತ್ತಾ ನನ್ನ ಮಗಳ ತಲೆಯಿಂದ ಅಕ್ಷತೆ ಕಾಳು ಆರಿಸುತ್ತಿದ್ದ. ಬೀಗರ ಕಣ್ಣು ತುಂಬಿಬಂತು. ಪೇಟ ಎತ್ತಿಕೊಳ್ಳುವುದನ್ನೂ ಮರೆತು ಮಂಟಪದಿಂದ ಇಳಿದು, ನೇರವಾಗಿ ಮೇಳದವರ ಹತ್ತಿರ ಹೋಗಿ, ಡೋಲಿನ ಹಿರಿಯರ ಎರಡೂ ಕೈ ಹಿಡಿದುಕೊಂಡರು. ಬೈಯಲು ಬಂದರು ಅಂತ ಆ ಹಿರಿಯರು ಗಾಬರಿಯಾಗಿ ಎದ್ದು ನಿಂತರು. ನಾನೂ ಹಿಂದೆಯೇ ಓಡಿದೆ.

"ನೀವು ಅವತ್ತು ಅಲ್ಲಿರಬೇಕಿತ್ತು" ಅಂದರು ಬೀಗರು. "ಆ ಮೇಜರ್‌ನ ದಿನ, ನಾನು ಕೋಲು ಎತ್ತಿದಾಗ, ನನ್ನ ಹಿಂದೆ ನೀವು ಇರಬೇಕಿತ್ತು."

ಡೋಲಿನ ಹಿರಿಯರಿಗೆ ತಲೆಬುಡ ಗೊತ್ತಾಗಲಿಲ್ಲ. ಆದರೆ ಎದುರಿಗೆ ಅಳುತ್ತಿರುವ ಮನುಷ್ಯನ ಮನಸ್ಸು ನೋಯಿಸುವವರಲ್ಲ ಅವರು. ಬೀಗರ ಕೈಯನ್ನು ಮೆಲ್ಲಗೆ ಒತ್ತಿ, "ನಾನು ಎಲ್ಲರಿಗೂ ಅದನ್ನೇ ಹೇಳುವುದು ಸರ್" ಅಂದರು. "ಮೊದಲೇ ಬುಕ್ ಮಾಡಬೇಕು."